ವಿಮಾನ ಹೊರಟಿತಂತೆ

ಅಮೆರಿಕದಲ್ಲಿ ಬೇಸ್‌ಬಾಲ್ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ಮತ್ತೆ ಮಾರ್ಚ್ ಕೊನೆಯವರೆಗೆ ಲೆಕ್ಕಕ್ಕೆ ಬರುವ ಒಂದೂ ಪಂದ್ಯ ಇಲ್ಲ. ಹಾಗಂತ ಜನ ಸುಮ್ನೆ ಕೂರುತ್ತಾರಾ? ಯಾವ ಆಟಗಾರ ಯಾವ ತಂಡಕ್ಕೆ ಜಿಗಿಯುತ್ತಾನೆ ಅಂತ ಚಳಿಗಾಲವಿಡೀ ಹರಟೆ. ಇದಕ್ಕೆ ಅಲ್ಲಿನವರು ‘ಹಾಟ್ ಸ್ಟವ್’ ಅನ್ನುತ್ತಾರೆ. ಒಲೆ ಉರಿದರೆ ಸಾಕು, ಮೇಲೆ ಪಾತ್ರೆ ಇರಬೇಕು ಅಂತೇನಿಲ್ಲ.

ಪಾಪ, ಇಂಗ್ಲಿಷಿನಲ್ಲಿ ಗಾಳಿಸುದ್ದಿ ಬರೆಯುವುದು ಕಷ್ಟ. ‘ಮಾತುಕತೆಯನ್ನು ಬಲ್ಲ ಮೂಲಗಳ ಪ್ರಕಾರ’ ಅಂತ ಉದ್ದಕ್ಕೆ ಎಳೆಯಬೇಕು. ನಮಗಾದರೆ ವಾಕ್ಯದ ಬಾಲಕ್ಕೆ ಒಂದು ‘ಅಂತೆ’ ಅಂಟಿಸಿದರೆ ಕೆಲಸ ಮುಗಿಯಿತು. ತಂಡದ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ‘ಮಿಸ್ಟರಿ ಟೀಮ್’ ಒಂದು ಪೈಪೋಟಿಗೆ ಇಳಿದಿದೆಯಂತೆ!

2022ರಲ್ಲಿ ನ್ಯೂಯಾರ್ಕಿನ ಆಟಗಾರ ಆರನ್ ಜಡ್ಜ್ ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಹೊರಟರು ಅಂತ ಒಬ್ಬ ಹೆಸರಾಂತ ವರದಿಗಾರರು ಟ್ವೀಟ್ ಮಾಡಿದರು. ಅವಸರದಲ್ಲಿ ‘ಆರ್ಸನ್ ಜಡ್ಜ್’ ಅಂತ ಬರೆದಿದ್ದರು. ಆರ್ಸನ್ ಅಂದರೆ ಬೆಂಕಿ ಹಚ್ಚುವುದು. ಕೆಲವೇ ನಿಮಿಷದಲ್ಲಿ ಮಾತು ವಾಪಸ್. ಜಡ್ಜ್ ನ್ಯೂಯಾರ್ಕ್ ಬಿಟ್ಟು ಕದಲಲೇ ಇಲ್ಲ.

ಅಸಲಿ ಜಾತ್ರೆ ಮರುವರ್ಷದ್ದು. ಜಪಾನಿನ ತಾರೆ ಶೋಹೇಯ್ ಓತಾನಿ ಹೊಸ ತಂಡ ಹುಡುಕುತ್ತಿದ್ದರು. ಬಾಯಿ ಬಿಡದ ಮನುಷ್ಯ. ತಮ್ಮ ನಾಯಿಯ ಹೆಸರನ್ನೂ ಗುಟ್ಟಾಗಿ ಇಟ್ಟಿದ್ದರು. ಭೇಟಿಯ ವಿಷಯ ಹೊರಬಿಟ್ಟ ತಂಡದ ಮೇಲೆ ಮುನಿಸಿಕೊಳ್ಳುತ್ತಾರಂತೆ ಅಂತ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಮ್ಯಾನೇಜರ್ ಡೇವ್ ರಾಬರ್ಟ್ಸ್ ಮಾತ್ರ, ಹೌದು, ಭೇಟಿಯಾಗಿದ್ದೆವು ಅಂದುಬಿಟ್ಟರು. ಅಯ್ಯೋ, ನಿಜ ಹೇಳಿಬಿಟ್ಟರಲ್ಲ ಅಂತ ದೊಡ್ಡ ಗುಲ್ಲೆದ್ದಿತು.

ಡಿಸೆಂಬರ್ 8, ಶುಕ್ರವಾರ. ಓತಾನಿ ಟೊರಾಂಟೊ ದಾರಿಯಲ್ಲಿದ್ದಾರೆ ಅಂತ ಲೀಗಿನದೇ ಟಿವಿ ಚಾನೆಲ್ಲಿನ ವರದಿಗಾರರು ಸಾರಿದರು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಿಂದ ಟೊರಾಂಟೊಗೆ ಒಂದು ಖಾಸಗಿ ಜೆಟ್ ಹಾರಿತ್ತು. ಸಾವಿರಾರು ಜನ ಮೊಬೈಲ್ ಹಿಡಿದು, ನಕ್ಷೆಯ ಮೇಲೆ ತೆವಳುವ ಪುಟ್ಟ ವಿಮಾನವನ್ನೇ ನೋಡುತ್ತಾ ಕೂತರು. ಟೊರಾಂಟೊದ ಬ್ಲೂ ಜೇಸ್ ತಂಡದ ಜಪಾನಿ ಎಸೆತಗಾರ ಕಿಕುಚಿ ಊಟಕ್ಕೆ ಇಡೀ ಸುಶಿ ಹೋಟೆಲನ್ನೇ ಕಾದಿರಿಸಿದ್ದಾರಂತೆ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುತ್ತಾರಲ್ಲ, ಇಲ್ಲಿ ಕೊಟ್ಟಿಗೆ ಗುಡಿಸಿ, ಹಾಲಿಗೆ ಗಿರಾಕಿಯನ್ನೂ ಹುಡುಕಿಯಾಗಿತ್ತು.

ಜೆಟ್ ಇಳಿಯಿತು. ಬಾಗಿಲು ತೆರೆಯಿತು. ಇಳಿದು ಬಂದವರು ರಾಬರ್ಟ್ ಹರ್ಜಾವೆಕ್, ಟಿವಿಯಲ್ಲಿ ಕಾಣಿಸಿಕೊಳ್ಳುವ ಕೆನಡಾದ ಉದ್ಯಮಿ. ಜೊತೆಗೆ ಅವರ ಮಕ್ಕಳು. ಓತಾನಿ ಕ್ಯಾಲಿಫೋರ್ನಿಯಾದ ಮನೆಯಲ್ಲೇ ಇದ್ದರು. ವರದಿಗಾರರು ಕ್ಷಮೆ ಕೇಳಿದರು. ಹೋಟೆಲ್ ಕತೆಯೂ ಸುಳ್ಳು. ವಿಮಾನವೊಂದೇ ನಿಜ.

ಮರುದಿನ ಓತಾನಿ ತಾವೇ ಇನ್‌ಸ್ಟಾಗ್ರಾಂನಲ್ಲಿ ಹೇಳಿದರು: ಡಾಡ್ಜರ್ಸ್. ಹೌದು, ಬಾಯಿಬಿಟ್ಟ ಅದೇ ತಂಡ. ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಆದರೆ ಆಡುವಾಗ ಕೈಗೆ ಸಿಗುವುದು ವರ್ಷಕ್ಕೆ ಬರೀ 20 ಲಕ್ಷ. ಉಳಿದ 68 ಕೋಟಿ 2034ರಿಂದ 2043ರವರೆಗೆ, ಬಡ್ಡಿಯೂ ಇಲ್ಲದೆ. ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ಸಾಗಹಾಕುತ್ತಿದ್ದರು. ಇಲ್ಲಿ ಸಂಬಳವನ್ನೇ ಹಾಗೆ ಸಾಗಹಾಕಿದರು. ಅದೂ ಓತಾನಿಯದೇ ಐಡಿಯಾ ಅಂತೆ. ವಿಮಾನದ ಹಿಂದೆ ಬಿದ್ದವರ ತಲೆಗೆ ಇಂಥದ್ದು ಹೊಳೆಯಲು ಸಾಧ್ಯವೇ?

2025ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಲೀಗಿನ ಅಂತಿಮ ಸರಣಿಯಲ್ಲಿ, ಎದುರುಬದುರಾದವರು ಟೊರಾಂಟೊ ಮತ್ತು ಡಾಡ್ಜರ್ಸ್. ಓತಾನಿ ಬ್ಯಾಟ್ ಹಿಡಿದು ನಿಂತಾಗ, ಆ ಶುಕ್ರವಾರ ನಕ್ಷೆ ನೋಡುತ್ತಾ ಕೂತಿದ್ದ ಊರೇ ‘ನೀನು ನಮಗೆ ಬೇಡ’ ಅಂತ ಒಕ್ಕೊರಲಿನಿಂದ ಕೂಗಿತು. ಆ ಶುಕ್ರವಾರಕ್ಕೂ ಮೊದಲು ಮಾತುಕತೆಗೆ ಬಂದಾಗ ಓತಾನಿ ಒಯ್ದ ಟೋಪಿ, ನಾಯಿಯ ಜಾಕೆಟ್ ಎರಡನ್ನೂ ವಾಪಸ್ ತರಬೇಕಿತ್ತು ಅಂತ ಟೊರಾಂಟೊ ಮ್ಯಾನೇಜರ್ ತಮಾಷೆ ಮಾಡಿದರು. ಜಾಕೆಟ್ ಎಲ್ಲಿದೆ ಅಂತ ವರದಿಗಾರರು ಓತಾನಿಯನ್ನೇ ಕೇಳಿದರು. ಈ ಸಲ ಮೂಲಗಳ ಅಗತ್ಯ ಬೀಳಲಿಲ್ಲ. ಮನೆಯ ಗ್ಯಾರೇಜಿನಲ್ಲಿದೆ ಅಂದರು.