ಮದುವೆಮನೆಯ ಕವಳದ ಬಟ್ಟಲಲ್ಲಿ ತಂಬಾಕು ಬೇಕೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಊಟವಾದ ಮೇಲೆ ಕವಳ ಕೊಡದಿದ್ದರೆ ಉಪಚಾರ ಮುಗಿದ ಹಾಗಲ್ಲ. ಎಲೆ, ಅಡಿಕೆ, ಸುಣ್ಣದ ಪಕ್ಕದಲ್ಲೇ ತಂಬಾಕಿನ ಎಸಳೂ ಇರುತ್ತದೆ. ತಂಬಾಕಿನ ಬಗ್ಗೆ ಜನರನ್ನು ಎಚ್ಚರಿಸುವ ಕೆಲಸ ಈ ಬಟ್ಟಲಿನಿಂದಲೇ ಶುರುವಾಗಬೇಕೇ?

ಪರ: ನಾವೇ ಹಂಚುವುದನ್ನು ಮೊದಲು ನಿಲ್ಲಿಸೋಣ

ಸಿಗರೇಟು ಪ್ಯಾಕಿನ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರುತ್ತದೆ. ಸಿನಿಮಾ ಶುರುವಾಗುವ ಮೊದಲೂ ಎಚ್ಚರಿಕೆ ಬರುತ್ತದೆ. ಕವಳದ ಬಟ್ಟಲಿಗೆ ಅಂಥದ್ದೇನೂ ಇಲ್ಲ. ಅದನ್ನು ಹಿಡಿದು ಬರುವವರು ಮನೆಯವರು. ‘ಒಂದು ಕವಳ ಹಾಕಿ’ ಎಂದು ಒತ್ತಾಯ ಮಾಡುವವರೂ ಅವರೇ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಕಷ್ಟ ಅಲ್ವಾ?

ತಂಬಾಕು ಅಂದರೆ ಬೀಡಿ, ಸಿಗರೇಟು ಎಂದೇ ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ಲೆಕ್ಕ ಬೇರೆಯೇ ಇದೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸೇದುವವರು ಶೇ. 10.7. ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4, ಹೆಚ್ಚುಕಡಿಮೆ ಎರಡರಷ್ಟು.

ಬಾಯೊಳಗೆ ಏನಾಗುತ್ತದೆ ಎಂದು ನೋಡಿ. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು, ಮೇಲೊಂದು ಎಸಳು ಚಿವುಟಿ ಹಾಕಿ ದವಡೆಗೆ ಒತ್ತಿಕೊಳ್ಳುತ್ತಾರೆ. ಆ ಸುಣ್ಣದಿಂದಾಗಿ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುತ್ತದೆ. ತಂಬಾಕಿನಲ್ಲಿರುವ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಕೆನ್ನೆಯ ಒಳಚರ್ಮಕ್ಕೆ ಅಂಟಿಕೊಂಡೇ ಇರುತ್ತವೆ. ಹಾಕುವ ಜಾಗವೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಎಡ ದವಡೆ ಅಂದರೆ ವರ್ಷಗಟ್ಟಲೆ ಎಡ ದವಡೆಯೇ. ಅಲ್ಲೇ ಒಂದು ಬಿಳಿ ಕಲೆ ಏಳುತ್ತದೆ. ಶುರುವಿನಲ್ಲಿ ನೋವಿಲ್ಲ, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ‘ತಂಬಾಕು ಹಾಕಿದರೆ ಹಲ್ಲು ಗಟ್ಟಿ’ ಎನ್ನುವ ಮಾತನ್ನು ನಂಬಿದವರು ಇನ್ನೂ ತಡ ಮಾಡುತ್ತಾರೆ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವ ಹೊತ್ತಿಗೆ ಗಂಟು ಕುತ್ತಿಗೆಗೆ ಇಳಿದಿರುತ್ತದೆ.

ಇನ್ನೊಂದು ವಿಷಯ ನನಗೆ ತುಂಬ ಚುಚ್ಚುತ್ತದೆ. ಚಪ್ಪರದಲ್ಲಿ ಬಟ್ಟಲು ತಿರುಗಿಸುವ ಕೆಲಸ ಬಹಳ ಸಲ ಹುಡುಗರಿಗೆ ಬೀಳುತ್ತದೆ. ನಮ್ಮ ರಾಜ್ಯದಲ್ಲಿ ಈಗ 21 ವರ್ಷದೊಳಗಿನವರಿಗೆ ಅಂಗಡಿಯವರು ತಂಬಾಕು ಮಾರುವಂತಿಲ್ಲ. ನಾವೋ, ಹೈಸ್ಕೂಲು ಹುಡುಗನ ಕೈಗೇ ಕೊಟ್ಟು ಹಂಚಿಸುತ್ತೇವೆ!

ಎಲೆ ಇರಲಿ, ಮಾತುಕತೆ ಇರಲಿ. ತಂಬಾಕು ಬೇಕಾದವರು ತಮ್ಮ ಸಂಚಿಯಿಂದ ತೆಗೆದುಕೊಳ್ಳಲಿ. ಮನೆಯ ಯಜಮಾನ ಅದನ್ನು ಬಡಿಸುವುದು ಬೇಡ.

ವಿರೋಧ: ಬಟ್ಟಲು ಬದಲಾದರೆ ಚಟ ಬದಲಾಗದು

ತಂಬಾಕು ಕೊಲ್ಲುತ್ತದೆ, ಅದರಲ್ಲಿ ನನಗೂ ತಕರಾರಿಲ್ಲ. ಆದರೆ ಎಸಳನ್ನಷ್ಟೇ ಎತ್ತಿಟ್ಟರೆ ಜನ ಏನು ತಿಳಿಯುತ್ತಾರೆ? ಉಳಿದದ್ದು ಒಳ್ಳೆಯದು ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೂ, ತಂಬಾಕಿಲ್ಲದ ಕವಳವನ್ನೂ ಕ್ಯಾನ್ಸರ್‌ಕಾರಕ ಎಂದು 2004ರಲ್ಲೇ ಹೇಳಿದೆ. ಬಾಯಿ ಬರಬರುತ್ತ ಬಿಗಿದು ತೆರೆಯಲಾಗದ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ. ಅಡಿಕೆಯಿಂದಲೇ ಅನ್ನ ಕಾಣುವ ಶಿರಸಿಯಲ್ಲಿ ಇದನ್ನು ಹೇಳುವುದು ಸುಲಭವಲ್ಲ. ನಮ್ಮ ಮನೆಯ ಅನ್ನವೂ ಅದೇ. ಆದರೂ ಜಾಗೃತಿ ಅಂತ ಹೊರಟ ಮೇಲೆ ಅರ್ಧ ಸತ್ಯ ಹೇಳಬಾರದು.

ಹುಡುಗರು ಕಲಿಯುವುದು ಮದುವೆಮನೆಯಲ್ಲಿ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಮತ್ತೆ ಗುಟ್ಕಾವೇ. ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲಿ ಚೀಟಿಗಳ ಮಾಲೆ ಶಾಂಪೂ ಪೊಟ್ಟಣದ ಪಕ್ಕದಲ್ಲೇ ತೂಗುತ್ತದೆ. ಕಾರವಾರದ ಬೈತಖೋಲದಲ್ಲಿ ದೋಣಿ ಏರುವ ಹುಡುಗ ಯಾರ ಮದುವೆಗೂ ಕಾಯಬೇಕಾಗಿಲ್ಲ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂಬ ಕಾನೂನು 2003ರದ್ದು. ಊರಿನವರು ಅದನ್ನು ಹಿಡಿದು ಕೇಳಲಿ.

ಇನ್ನು ಹಿರಿಯರು. ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯುವ ಹೆಂಗಸರಿಗೆ ನಿದ್ದೆ ತಡೆಯಲು ಕವಳವೇ ಆಸರೆ. ನಲವತ್ತು ವರ್ಷದಿಂದ ಹಾಕುತ್ತಿರುವ ಅಜ್ಜಿಯ ಮುಂದಿಂದ ಎಸಳು ಎತ್ತಿಟ್ಟರೆ ಅವರು ಬಿಡುವುದಿಲ್ಲ, ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ. ಆಮೇಲೆ ಡಾಕ್ಟರು ‘ತಂಬಾಕು ಹಾಕ್ತೀರಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ನಾಚಿಕೆಗೆ ಮುಚ್ಚಿಟ್ಟ ಚಟ ತೋರಿಸಿಕೊಂಡ ಚಟಕ್ಕಿಂತ ಅಪಾಯ.

ಅವರಿಗೆ ಬೇಕಾದ್ದು ಬಿಡಲು ಸಹಾಯ. ಬಿಟ್ಟ ಮೊದಲ ದಿನಗಳಲ್ಲಿ ಸಿಟ್ಟು, ತಲೆನೋವು, ನಿದ್ದೆಗೇಡು ಇರುತ್ತದೆ. ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ ಎಂದು ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕು. 1800-11-2356ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ. ನಂಬರು ಚೀಟಿಯ ಮೇಲೇ ಇದೆ, ಅಷ್ಟು ಸಣ್ಣಕ್ಷರ ಅಜ್ಜಿಯ ಕಣ್ಣಿಗೆ ಕಾಣಬೇಕಲ್ಲ. ಮೊಮ್ಮಕ್ಕಳು ಡಯಲ್ ಮಾಡಿ ಕೈಗೆ ಕೊಡಲಿ. 30 ದಾಟಿದವರಿಗೆ ಬಾಯಿ ತಪಾಸಣೆ ಮಾಡುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಊರಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿ. ಎರಡು ವಾರವಾದರೂ ಆರದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಮೂರು ಬೆರಳು ಒಟ್ಟಿಗೆ ಹೋಗದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಒಂದು ಕಂಡರೂ ಸುಗ್ಗಿ ಮುಗಿಯಲಿ ಎಂದು ಕಾಯದೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.