ಅಪ್ಪನ ಅಲೋ, ಅಮ್ಮನ ಪ್ಲಗ್ಗು

ನಮ್ಮ ಅಪ್ಪನಿಗೆ ಯಾರಿಗೂ ‘ಬೇಡ’ ಅಂದು ಅಭ್ಯಾಸವಿಲ್ಲ. ಕಾಸರಗೋಡಿನ ನೀರ್ಚಾಲು ಕಡೆಯ ನಮ್ಮ ಮನೆಯಂಗಳಕ್ಕೆ ಯಾರೇ ಬರಲಿ, ಮೊದಲು ಬೆಲ್ಲ-ನೀರು. ಯಾರು, ಎಲ್ಲಿಂದ ಎಂಬ ವಿಚಾರಣೆ ಆಮೇಲೆ. ಇಂಟರ್ನೆಟ್ಟಿಗೂ ಅವರದ್ದು ಇದೇ ಉಪಚಾರ. ಅಡಿಕೆ ಧಾರಣೆ ನೋಡಲು ಹೋದಲ್ಲಿ ಯಾವುದೋ ಸೈಟು ‘ನೋಟಿಫಿಕೇಶನ್ ಕಳಿಸಲಾ?’ ಅಂತ ಕೇಳಿದರೆ ಅಪ್ಪ ತಕ್ಷಣ ‘ಅಲೋ’ ಒತ್ತುತ್ತಾರೆ. “ಪಾಪ, ಅಷ್ಟು ಮರ್ಯಾದೆಯಲ್ಲಿ ಕೇಳ್ತದೆ. ಬೇಡ ಅನ್ನುವುದು ಹೇಗೆ?”

ಹೀಗೆ ಒಳಗೆ ಬಂದವರು ಯಾರೂ ಹೊರಗೆ ಹೋಗಲಿಲ್ಲ. ಪರದೆಯ ಬಲಮೂಲೆಯಲ್ಲಿ ಹಗಲಿಡೀ ಮಲಯಾಳದಲ್ಲಿ ಲಾಟರಿ ಫಲಿತಾಂಶ, ಇಂಗ್ಲಿಷಿನಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎಂಬ ಕೆಂಪು ಎಚ್ಚರಿಕೆ. ಅಪ್ಪ ಎರಡನ್ನೂ ಅಷ್ಟೇ ಶ್ರದ್ಧೆಯಿಂದ ಓದುತ್ತಿದ್ದರು.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಭಾವ, ಅಂದರೆ ಸೋದರತ್ತೆಯ ಮಗ, ಇದನ್ನು ನೋಡಿ ಮೌಸು ಕಸಿದುಕೊಂಡ. “ಮಾವ, ವೈರಸ್ ಇದೆ ಅಂತ ಹೇಳುವ ಈ ಸೈಟಿಗೆ ನಿಮ್ಮ ಕಂಪ್ಯೂಟರ್ ಒಳಗೆ ಏನಿದೆ ಅಂತಲೇ ಗೊತ್ತಿಲ್ಲ. ಹೆದರಿಸಿ ದುಡ್ಡು ಕೇಳುವ ಉಪಾಯ ಇದು.” ಸೆಟ್ಟಿಂಗಿನ ನೋಟಿಫಿಕೇಶನ್ ಪಟ್ಟಿ ತೆರೆದು ಒಂದೊಂದಾಗಿ ಎಲ್ಲವನ್ನೂ ತೆಗೆದ. ಆ ಪಟ್ಟಿ ನಮ್ಮ ಮನೆಯ ಮದುವೆ ಆಮಂತ್ರಣದ ಪಟ್ಟಿಗಿಂತ ಉದ್ದವಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮದು ವಿಂಡೋಸ್ 7. ಮೈಕ್ರೋಸಾಫ್ಟ್ ಅದರ ಕೈಬಿಟ್ಟದ್ದು 2020ರ ಜನವರಿಯಲ್ಲಿ. ಕ್ರೋಮ್ ಕೂಡ 2023ರಲ್ಲಿ 109ನೇ ಆವೃತ್ತಿಗೆ ನಿಂತುಬಿಟ್ಟಿದೆ. ಹೊಸದು ಬೇಕಾದರೆ ವಿಂಡೋಸ್ 10 ಹಾಕಿ ಅಂತ ಮೇಲೊಂದು ಸೂಚನೆಯ ಪಟ್ಟಿ ದಿನಾ ಬರುತ್ತಿತ್ತು. ಅಪ್ಪ ದಿನಾ ಅದನ್ನು ಓದಿ, ಎಕ್ಸ್ ಒತ್ತಿ, ಧಾರಣೆ ನೋಡುತ್ತಿದ್ದರು. ಪಟ್ಟಿಗೆ ಒಪ್ಪುವುದಾದರೂ ಹೇಗೆ? ವಿಂಡೋಸ್ 10ರ ಉಚಿತ ಆರೈಕೆಯೂ 2025ರ ಅಕ್ಟೋಬರಿಗೆ ಮುಗಿಯಿತಲ್ಲ!

ಭಾವ ಮೊದಲು ಫೈರ್‌ಫಾಕ್ಸ್ ಹಾಕಿದ. ಅದರ 115 ಇಎಸ್‌ಆರ್ ಎಂಬ ಆವೃತ್ತಿ ಹಳೆ ವಿಂಡೋಸಿನಲ್ಲೂ ನಡೆಯುತ್ತದೆ. ಜೊತೆಗೆ ಯುಬ್ಲಾಕ್ ಒರಿಜಿನ್ ಸೇರಿಸಿದ. ಜಾಹೀರಾತೆಲ್ಲ ಮಾಯ. ಅಪ್ಪನಿಗೆ ಗಾಬರಿ. “ಅಳಿಯಾ, ಇಲ್ಲೊಂದು ಮಂಡಿನೋವಿನ ಎಣ್ಣೆ ಇತ್ತು. ಫೋನ್ ನಂಬರ್ ಬರೆದುಕೊಂಡಿರಲಿಲ್ಲ!”

ಬ್ರೌಸರ್ ಎಷ್ಟೇ ಒಳ್ಳೆಯದಾಗಲಿ, ಅಡಿಯಲ್ಲಿರುವ ವಿಂಡೋಸಿನ ತೂತುಗಳನ್ನು ಅದು ಮುಚ್ಚುವುದಿಲ್ಲ. ಹಾಗಾಗಿ ವಿಂಡೋಸನ್ನೇ ತೆಗೆದು, ಅದರ ಜಾಗಕ್ಕೆ ಲಿನಕ್ಸ್ ಮಿಂಟ್ ಎಂಬ ಬೇರೆ ಕಾರ್ಯವ್ಯವಸ್ಥೆ ಹಾಕುವುದೆಂದು ತೀರ್ಮಾನವಾಯಿತು. ಅದು ಉಚಿತ, ಹಳೆ ಯಂತ್ರದಲ್ಲೂ ಓಡುತ್ತದೆ, 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಉಂಟು. ಭಾವ ಅಪ್ಪನ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಕಳಚಿಟ್ಟ. ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ಕೆಲಸ ಅಂದರೆ ಇದೊಂದೇ ಅನ್ನುವುದು ನನ್ನ ಅಭಿಪ್ರಾಯ.

ಏಕೆಂದರೆ ಅವನು ಕೆಲಸಕ್ಕೆ ಕೂತದ್ದು ಸಂಜೆ ನಾಲ್ಕಕ್ಕೆ. ತುಲಾ ತಿಂಗಳಲ್ಲಿ ಕಾಸರಗೋಡಿನಲ್ಲಿ ಸಂಜೆ ನಾಲ್ಕು ಅಂದರೆ ಗುಡುಗಿನ ಹೊತ್ತು. ಇಲ್ಲಿ ಹುಟ್ಟಿದವರಿಗೆ ಗೊತ್ತು. ಬೆಂಗಳೂರು ಸೇರಿದವರಿಗೆ ಮರೆತುಹೋಗುತ್ತದೆ. ಅರ್ಧ ಇನ್‌ಸ್ಟಾಲ್ ಆಗಿದೆ, ಬಾಯಾರು ಗುಡ್ಡದ ಕಡೆ ಒಂದು ಸಣ್ಣ ಗುಡುಗು. ಅಡಿಗೆಮನೆಯಿಂದ ಅಮ್ಮ ಬಂದರು. ಟಿವಿ ಪ್ಲಗ್ಗು ಎಳೆದರು, ಮೋಡೆಮ್ಮಿನದು ಎಳೆದರು, ಮುಂದಿನದಕ್ಕೆ ಕೈ ಹಾಕಿದರು.

“ಅತ್ತೆ, ಹತ್ತೇ ನಿಮಿಷ!”

“ಸಿಡಿಲಿಗೆ ಹತ್ತು ನಿಮಿಷ ಬೇಡ ಮಗಾ.”

ಎಳೆದೇ ಬಿಟ್ಟರು. ಅಮ್ಮನನ್ನು ಬೈಯುವ ಹಾಗಿಲ್ಲ. ಆ ಕಂಪ್ಯೂಟರ್ ಇಷ್ಟು ವರ್ಷ ಬದುಕಿ ಉಳಿದದ್ದು ಯಾವ ಆಂಟಿವೈರಸ್ಸಿನಿಂದಲೂ ಅಲ್ಲ, ಅವರ ಈ ಒಂದು ಗುಣದಿಂದ. ಭಾವ ರಾತ್ರಿ ಮಳೆ ಬಿಟ್ಟ ಮೇಲೆ ಮೊದಲಿನಿಂದ ಶುರು ಮಾಡಿದ.

ಬೆಳಿಗ್ಗೆ ಅಪ್ಪ ಕೂತರು. ಫೈರ್‌ಫಾಕ್ಸ್ ಅದೇ, ಧಾರಣೆ ಅದೇ. ಇಸ್ಪೀಟಾಟ ಕಾಣಲಿಲ್ಲ, ಅದನ್ನೂ ಹುಡುಕಿ ಹಾಕಿದ್ದಾಯಿತು. ಇನ್ನೇನು ಕಾಫಿ ಕುಡಿಯಬೇಕು, ಅಪ್ಪನ ಬೊಬ್ಬೆ. “ಅಳಿಯಾ, ಈಗ ನಿಜವಾದ ವೈರಸ್ ಬಂತು!”

ಊರಿನ ಸಂಘದ ಹಳೆ ವರದಿ ತೆರೆದಿದ್ದರು. ಪರದೆ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು, ಬಾಲ. ಯಾವ ಕೆಂಪು ಎಚ್ಚರಿಕೆಗೂ ಅಪ್ಪ ಇಷ್ಟು ಹೆದರಿರಲಿಲ್ಲ. ವಿಷಯ ಇಷ್ಟೇ. ಅವರು ಟೈಪ್ ಮಾಡಿದ್ದು ಹಳೆ ನುಡಿ ಫಾಂಟಿನಲ್ಲಿ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡಿನಲ್ಲಲ್ಲ. ಆ ಫಾಂಟು ಹೊಸ ವ್ಯವಸ್ಥೆಯಲ್ಲಿ ಇರಲಿಲ್ಲ. ಭಾವ ಡಿಸ್ಕಿನಲ್ಲಿದ್ದ ಫಾಂಟಿನ ಫೈಲು ಹುಡುಕಿ ಹಾಕಿ, ವರದಿ ಮತ್ತೆ ತೆರೆದ. ಕನ್ನಡ ದುಂಡಗೆ ಎದ್ದು ನಿಂತಿತು.

ಅಪ್ಪ ಕನ್ನಡಕ ಏರಿಸಿ ಕೊನೆಯ ಪುಟ ಓದಿದರು. ವಂತಿಗೆ ಬಾಕಿ ಇರುವವರ ಪಟ್ಟಿ. ಅದರಲ್ಲಿ ಮೂರನೆಯ ಹೆಸರು ಭಾವನ ಅಪ್ಪನದು, 350 ರೂಪಾಯಿ.

“ಹೇಗೂ ಬಂದಿದ್ದೀಯಲ್ಲ ಅಳಿಯಾ,” ಅಂದರು ಅಪ್ಪ, ರಶೀದಿ ಪುಸ್ತಕ ಹುಡುಕುತ್ತಾ.