ಟಿಕೆಟ್ ಮಾಡುವ ಮೊದಲು ಮನೆಯಲ್ಲಿ ಒಬ್ಬರಿಗಾದರೂ ಹೇಳಿ

ಬ್ಯಾಂಕಾಕಿಗೋ ಇಸ್ತಾಂಬುಲಿಗೋ ಹೋಗಿ ಮೂಗು, ಎದೆ, ಹೊಟ್ಟೆಯ ಕಾಸ್ಮೆಟಿಕ್ ಸರ್ಜರಿ ಮಾಡಿಸಿಕೊಂಡು ಬರುವವರು ನಮ್ಮ ಮಂಗಳೂರು, ಉಡುಪಿ ಕಡೆಯೂ ಇದ್ದಾರೆ. ಹೆಚ್ಚಿನವರು ಹೋಗುವುದು ಗುಟ್ಟಾಗಿ. ಅವರ ದೇಹ, ಅವರ ದುಡ್ಡು. ಆಡಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಆ ಗುಟ್ಟು ನೆನೆದರೆ ಹೆದರಿಕೆಯಾಗುತ್ತದೆ.

ಸರ್ಜನ್ ಯಾರು, ಪ್ಯಾಕೇಜ್ ಎಷ್ಟು ಎಂದು ತಿಂಗಳುಗಟ್ಟಲೆ ವಿಚಾರಿಸುವವರು ಆಮೇಲಿನ ವಾರಗಳ ಬಗ್ಗೆ ಯೋಚಿಸುವುದೇ ಇಲ್ಲ. ಎದೆಯ ಸರ್ಜರಿ, ಲೈಪೋಸಕ್ಷನ್ (ಕೊಬ್ಬು ಹೀರಿ ತೆಗೆಯುವುದು) ಆದರೆ 5ರಿಂದ 7 ದಿನ, ಮುಖದ್ದು ಅಥವಾ ಟಮ್ಮಿ ಟಕ್ (ಹೊಟ್ಟೆಯ ಜೋತ ಚರ್ಮ ಕತ್ತರಿಸಿ ಬಿಗಿಮಾಡುವುದು) ಆದರೆ 7ರಿಂದ 10 ದಿನ ವಿಮಾನ ಹತ್ತಬೇಡಿ ಎನ್ನುತ್ತದೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್. ಸರ್ಜರಿಯಾದ ಕೂಡಲೇ ವಿಮಾನದಲ್ಲಿ ಗಂಟೆಗಟ್ಟಲೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಅದೂ ಎಲ್ಲ ಸರಿಯಾಗಿದ್ದರೆ ಮಾತ್ರ ಇಷ್ಟು ದಿನ. ರಜೆ ಮುಗಿಯಿತೆಂದು ಓಡಿ ಬರುವ ಹಾಗಿಲ್ಲ. ವಾಪಸ್ ಟಿಕೆಟಿನ ದಿನ ಬದಲಿಸಲು ಬರುವಂತಿರಬೇಕು.

ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಸೂಟ್‌ಕೇಸ್ ಎತ್ತುವವರು ಯಾರು? ಟಮ್ಮಿ ಟಕ್ ಆದವರು ವಾರಗಟ್ಟಲೆ ಭಾರ ಎತ್ತಬಾರದು, ಸೊಂಟಕ್ಕೆ ಬಿಗಿಯಾದ ಬೆಲ್ಟ್ ಹಾಕಿಕೊಂಡೇ ಇರಬೇಕು. ನಮ್ಮ ಏಪ್ರಿಲ್, ಮೇ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಮಲಗುವುದು ಎಂಥ ಹಿಂಸೆ! ಸಾಧ್ಯವಾದರೆ ಡಿಸೆಂಬರ್, ಜನವರಿಯಲ್ಲಿ ಮಾಡಿಸಿಕೊಳ್ಳಿ. ಮದುವೆಯ ಫೋಟೋಗೆಂದು ಹಿಂದಿನ ತಿಂಗಳು ಮೂಗು ಸರಿಮಾಡಿಸಲು ಹೊರಟವರಿಗೂ ಒಂದು ಮಾತು: ಅದರ ಊತ ಪೂರ್ತಿ ಇಳಿಯಲು ವರ್ಷವೇ ಬೇಕಾಗಬಹುದು.

ಹೆರಿಗೆಯಾದವಳಿಗೆ ನಮ್ಮಲ್ಲಿ ನಲವತ್ತು ದಿನ ಬಾಣಂತನ. ಹೇಳದೆಯೇ ಗಂಜಿ, ಬಿಸಿನೀರು ಎಲ್ಲ ಬರುತ್ತದೆ. ಬರುವುದು ಊರಿಗೆಲ್ಲ ವಿಷಯ ಗೊತ್ತಿರುವುದರಿಂದ. ಗುಟ್ಟಾಗಿ ಕುಯ್ಯಿಸಿಕೊಂಡು ಬಂದವಳು ಮರುದಿನವೇ ಅಡುಗೆಮನೆಗೆ ನಿಲ್ಲಬೇಕು, ನೋವಿದ್ದರೂ ಬಾಯಿ ಬಿಡುವಂತಿಲ್ಲ.

ಡಾಕ್ಟರ ಹತ್ತಿರ ಮುಚ್ಚಿಡುವುದು ಇನ್ನೂ ಕೆಟ್ಟದ್ದು. ಮೈಕೋಬ್ಯಾಕ್ಟೀರಿಯಾದಂಥ ರೋಗಾಣುಗಳಿಂದ ಬರುವ ಕೆಲವು ಸೋಂಕು ಗಾಯ ಮಾಯ್ದ ಹಾಗೆ ಕಂಡು ವಾರಗಳ ನಂತರ ತಲೆ ಎತ್ತುತ್ತವೆ. ಸಾಮಾನ್ಯ ಆಂಟಿಬಯೋಟಿಕ್‌ಗೆ ಅವು ಜಗ್ಗುವುದಿಲ್ಲ. ಎಲ್ಲಿ, ಏನು ಮಾಡಿಸಿದ್ದು ಎಂದು ಗೊತ್ತಿಲ್ಲದ ಡಾಕ್ಟರು ಏನು ಮಾಡಿಯಾರು? ಮಂಗಳೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳಿಗೆ ಬರವಿಲ್ಲ. ಹೋಗುವ ಮೊದಲೇ ಒಬ್ಬರನ್ನು ಕಂಡು, ಬಂದ ಮೇಲೆ ನೋಡುತ್ತೀರಾ ಎಂದು ಕೇಳಿಕೊಳ್ಳಿ. ಸರ್ಜರಿಯ ವಿವರ, ಔಷಧದ ಪಟ್ಟಿ, ದೇಹದೊಳಗೆ ಇಂಪ್ಲಾಂಟ್ (ಕೃತಕ ಭಾಗ) ಇಟ್ಟಿದ್ದರೆ ಅದರ ವಿವರವಿರುವ ಕಾರ್ಡ್ ಕೈಗೆ ಸಿಗದೆ ಅಲ್ಲಿಂದ ಹೊರಡಬೇಡಿ.

ಅಮ್ಮನಿಗೆ ಹೇಳಲು ಆಗದಿದ್ದರೆ ಅಕ್ಕನಿಗೆ ಹೇಳಿ, ಅತ್ತಿಗೆಗೆ ಹೇಳಿ. ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ, ಏದುಸಿರು ಬಂದರೆ ನಡುರಾತ್ರಿಯಾದರೂ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಬೇಕೆಂದು ಅವರಿಗೆ ಮೊದಲೇ ತಿಳಿಸಿಡಿ.